ಪೌತಿ ಖಾತೆಯ ಕಾಗದದಲ್ಲಿ ಇಲ್ಲದ ಬದುಕು: ಅಗಲಿದ ಹಿರಿಯರ ಜೀವನವನ್ನು ಬರೆದಿಡುವ ಕ್ರಮ

ಅಜ್ಜಿ ತೀರಿಕೊಂಡ ಕೆಲವು ತಿಂಗಳ ನಂತರ, ಆಕೆಯ ಹೆಸರಿನಲ್ಲಿದ್ದ ಸ್ವಲ್ಪ ಜಮೀನಿನ ಪೌತಿ ಖಾತೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಬದಲಿಸುವುದು) ಮಾಡಿಸಲೆಂದು ನಾಡಕಚೇರಿಗೆ ವಂಶವೃಕ್ಷ ಕೊಡಬೇಕಾಯಿತು. ನೋಟರಿ ಮಾಡಿಸಿದ ಅಫಿಡವಿಟ್ಟಿನ ಜೊತೆ ಒಂದು ಹಾಳೆಯಲ್ಲಿ ಚೌಕಗಳನ್ನು ಎಳೆದು, ಹೆಸರು, ಸಂಬಂಧ, ವಯಸ್ಸು ಬರೆದು, ಮೇಲಿನ ಚೌಕದಲ್ಲಿ ಅಜ್ಜಿಯ ಹೆಸರಿನ ಮುಂದೆ ‘ಮೃತ’ ಎಂದು ಸೇರಿಸಿದೆವು. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮೂವತ್ತು ವರ್ಷ ದುಡಿದು ನಾಲ್ಕು ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿದ ಹೆಂಗಸಿನ ಬಗ್ಗೆ ನಮ್ಮ ಮನೆಯಲ್ಲಿದ್ದ ಬರಹವೆಂದರೆ ಅದೊಂದೇ ಚೌಕ. ಗ್ರಾಮ ಆಡಳಿತಾಧಿಕಾರಿಯವರು ಸಹಜವಾಗಿ ‘ಇವರ ತಾಯಿಯ ಹೆಸರೇನು’ ಎಂದು ಕೇಳಿದಾಗ, ಅಲ್ಲಿದ್ದ ಏಳು ಜನರಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ. ಆ ಹೆಸರು ಅರ್ಜಿಗೆ ಬೇಕಾಗಿರಲಿಲ್ಲ, ಕೆಲಸ ಆಯಿತು. ಆದರೆ ನನಗೆ ಮಾತ್ರ ಅದು ಬಿಟ್ಟುಹೋಗಲಿಲ್ಲ.

ಅಂದಿನಿಂದ ನಮ್ಮ ಕುಟುಂಬದ ಮೂವರ ಬದುಕನ್ನು ಬರೆದಿಟ್ಟಿದ್ದೇನೆ. ಕೇಳಿದ ನೆಂಟರಿಗೆ, ನೆರೆಯವರಿಗೆ ನೆರವಾಗಿದ್ದೇನೆ. ಆ ಅನುಭವದಿಂದ ತಿಳಿದುಕೊಂಡದ್ದನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ. ಇದಕ್ಕೆ ಸಾಹಿತ್ಯದ ಅಭ್ಯಾಸವಾಗಲಿ ಹಣವಾಗಲಿ ಬೇಕಿಲ್ಲ. ಬೇಕಾದದ್ದು ಒಂದು ನೋಟ್‌ಬುಕ್, ಒಂದು ಫೋನು ಮತ್ತು ಸುಮಾರು ಒಂದು ವರ್ಷದ ಬಿಡುವಿನ ವೇಳೆ.

ಮೊದಲ ತಿಂಗಳಲ್ಲಿ ಉಳಿಸಿಕೊಳ್ಳಬೇಕಾದದ್ದು

ಬರೆಯುವ ಕೆಲಸವನ್ನು ದುಃಖ ಸ್ವಲ್ಪ ಇಳಿದ ಮೇಲೆ ಆರಂಭಿಸಿದರೆ ಸಾಕು. ಆದರೆ ಉಳಿಸುವ ಕೆಲಸಕ್ಕೆ ಅಷ್ಟು ಸಮಯವಿರುವುದಿಲ್ಲ. ಹನ್ನೊಂದನೆಯ ದಿನದ ಕಾರ್ಯವೋ ಶಿವಗಣಾರಾಧನೆಯೋ ಮುಗಿದ ಮೇಲೆ ಮನೆಯನ್ನು ತೊಳೆದು, ತೀರಿಕೊಂಡವರ ಹಾಸಿಗೆ ಬಟ್ಟೆಗಳನ್ನು ಕೊಟ್ಟು, ಟ್ರಂಕನ್ನು ಖಾಲಿ ಮಾಡುವುದು ನಮ್ಮ ಕಡೆಯ ರೂಢಿ. ಈ ಭರಾಟೆಯಲ್ಲಿ ಟ್ರಂಕಿನ ತಳದಲ್ಲಿದ್ದ ಕಾಗದಗಳು ನೀರೊಲೆಗೆ ಹೋಗುತ್ತವೆ. ಆದ್ದರಿಂದ ಒಂದು ರಟ್ಟಿನ ಪೆಟ್ಟಿಗೆಯನ್ನು ತಂದಿಟ್ಟು, ಬರಹ ಇರುವ ಯಾವ ಕಾಗದವನ್ನೂ ಒಂದು ವರ್ಷದವರೆಗೆ ಎಸೆಯುವುದಿಲ್ಲ ಎಂದು ಮನೆಯವರಿಗೆಲ್ಲ ಹೇಳಿಬಿಡಿ. ಹಳೆಯ ಪಡಿತರ ಚೀಟಿ, ಸ್ತ್ರೀಶಕ್ತಿ ಸಂಘದ ಪಾಸ್‌ಬುಕ್, ಗಿರಣಿಯ ಪಿ.ಎಫ್. ಚೀಟಿ, ಮದುವೆಯ ಕರೆಯೋಲೆ, ಊರಿನಿಂದ ಬಂದ ಪೋಸ್ಟ್‌ಕಾರ್ಡು, ಹಾಲಿನ ಲೆಕ್ಕ ಬರೆದ ಕ್ಯಾಲೆಂಡರ್ ಹಾಳೆ, ಇವುಗಳಲ್ಲಿ ಯಾವುದು ಮುಂದೆ ಉಪಯೋಗಕ್ಕೆ ಬರುತ್ತದೆ ಎಂದು ಆ ಹೊತ್ತಿನಲ್ಲಿ ಯಾರಿಗೂ ತಿಳಿಯುವುದಿಲ್ಲ. ನನ್ನ ಸೋದರಮಾವ ಯಾವ ವರ್ಷ ಗಿರಣಿಗೆ ಸೇರಿದರೆಂಬುದು ನಮಗೆ ಸಿಕ್ಕಿದ್ದು ಒಂದು ಪಿ.ಎಫ್. ಚೀಟಿಯ ಮೂಲೆಯಿಂದ.

ಫೋನಿನ ವಿಷಯ ಇನ್ನೂ ತುರ್ತಿನದು. ತೀರಿಕೊಂಡವರ ಫೋನನ್ನು ಖಾಲಿ ಮಾಡಿಸಿ ಮೊಮ್ಮಗನ ಕೈಗೆ ಕೊಡುವ ಮೊದಲು, ಅದರಲ್ಲಿರುವ ಫೋಟೊಗಳನ್ನೂ ಧ್ವನಿ ಸಂದೇಶಗಳನ್ನೂ ಬೇರೆ ಕಡೆ ಇಳಿಸಿಕೊಳ್ಳಿ. ರೀಚಾರ್ಜ್ ಮಾಡದ ಸಿಮ್ ಕೆಲವು ತಿಂಗಳಲ್ಲಿ ನಿಂತುಹೋಗುತ್ತದೆ; 120 ದಿನ ಬಳಕೆಯಾಗದ ವಾಟ್ಸಾಪ್ ಖಾತೆಯನ್ನು ಸಾಮಾನ್ಯವಾಗಿ ಆ ಕಂಪನಿ ಅಳಿಸುತ್ತದೆ; ಎರಡು ವರ್ಷ ಯಾರೂ ತೆರೆಯದ ಗೂಗಲ್ ಖಾತೆಯನ್ನು, ಅದರಲ್ಲಿರುವ ಫೋಟೊಗಳ ಸಮೇತ, ತೆಗೆದುಹಾಕುವ ಅಧಿಕಾರವನ್ನು ಗೂಗಲ್ ಇಟ್ಟುಕೊಂಡಿದೆ. ಅವರು ಕಳಿಸಿದ್ದ ಧ್ವನಿ ಸಂದೇಶಗಳು ಅವರ ಫೋನಿನಲ್ಲಷ್ಟೇ ಅಲ್ಲ, ನೆಂಟರ ಫೋನುಗಳಲ್ಲಿಯೂ ಇರುತ್ತವೆ. ಆದ್ದರಿಂದ ಎಲ್ಲರಿಗೂ ಹೇಳಿ, ಅವನ್ನು ಒಂದೆಡೆಗೆ ತರಿಸಿಕೊಳ್ಳಿ. ‘ಉಂಡ್ಯಾ, ಮಳಿ ಬಂತಾ ನಿಮ್ಮ ಕಡೆ’ ಎಂದು ಕೇಳುವ ಹತ್ತು ಸೆಕೆಂಡಿನ ಧ್ವನಿ ಈಗ ಯಾವ ಮಾಹಿತಿಯನ್ನೂ ಕೊಡದಂತೆ ಕಾಣಬಹುದು. ಇಪ್ಪತ್ತು ವರ್ಷದ ಮೇಲೆ ಆ ಮನೆಯಲ್ಲಿ ಅದಕ್ಕಿಂತ ಬೆಲೆಬಾಳುವ ವಸ್ತು ಇರಲಾರದು.

ಒಬ್ಬರು, ಒಂದು ನೋಟ್‌ಬುಕ್

ಇಡೀ ವಂಶದ ಚರಿತ್ರೆ ಬರೆಯುತ್ತೇನೆಂದು ಹೊರಟವರು ಸಾಮಾನ್ಯವಾಗಿ ಹೆಸರುಗಳ ಪಟ್ಟಿಯಲ್ಲಿಯೇ ನಿಂತುಬಿಡುತ್ತಾರೆ. ವಂಶದ ಪಟ್ಟಿ ಇಡುವ ಕೆಲಸ ನಮ್ಮಲ್ಲಿ ಹಿಂದಿನಿಂದಲೂ ಇದೆ; ಸುಗ್ಗಿಯ ನಂತರ ಎತ್ತನ್ನು ಹೊಡೆದುಕೊಂಡು ಊರೂರಿಗೆ ಬಂದು ಮನೆತನದ ಹಿರಿಯರ ಹೆಸರುಗಳನ್ನು ಹೇಳಿ ಕಾಳು ಪಡೆಯುತ್ತಿದ್ದ ಹೆಳವರು ಆ ಕೆಲಸವನ್ನು ಪರಂಪರೆಯಾಗಿ ಮಾಡಿಕೊಂಡು ಬಂದವರು. ನಿಮ್ಮ ಊರಿಗೆ ಹೆಳವರು ಇಂದಿಗೂ ಬರುತ್ತಿದ್ದರೆ ಅವರನ್ನು ಖಂಡಿತವಾಗಿ ಕೂರಿಸಿಕೊಂಡು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ. ಆದರೆ ಅವರ ಬಾಯಲ್ಲಿ ಬರುವುದು ಹೆಚ್ಚಾಗಿ ಗಂಡು ಸಂತತಿಯ ಹೆಸರುಗಳು. ಮನೆಗೆ ಬಂದ ಸೊಸೆಯರು, ಮನೆಯಿಂದ ಹೋದ ಹೆಣ್ಣುಮಕ್ಕಳು ಅಲ್ಲಿಯೂ ಕಡಿಮೆಯೇ. ಹೀಗಾಗಿ ಮೊದಲು ಒಬ್ಬರನ್ನು ಆರಿಸಿಕೊಳ್ಳಿ, ಸಾಧ್ಯವಿದ್ದರೆ ಹೆಂಗಸೊಬ್ಬರನ್ನು ಆರಿಸಿಕೊಳ್ಳಿ ಎಂಬುದು ನನ್ನ ಸಲಹೆ. ಗಂಡಸರ ಹೆಸರು ಪಹಣಿಯಲ್ಲಿ, ಸೊಸೈಟಿಯ ಪುಸ್ತಕದಲ್ಲಿ, ದೇವಸ್ಥಾನದ ಕಲ್ಲಿನಲ್ಲಿ ಎಲ್ಲಿಯಾದರೂ ಉಳಿದಿರುತ್ತದೆ. ಹೆಂಗಸರದು ಉಳಿಯುವುದು ಬಲ್ಲವರ ಬಾಯಲ್ಲಿ ಮಾತ್ರ, ಮತ್ತು ಆ ಬಲ್ಲವರಿಗೂ ವಯಸ್ಸಾಗಿರುತ್ತದೆ.

ನೋಟ್‌ಬುಕ್ ಇನ್ನೂರು ಪುಟದ್ದಾಗಿರಲಿ. ಪ್ರತಿ ಪುಟದ ಎಡಗಡೆ ಎರಡು ಬೆರಳಿನಷ್ಟು ಅಂಚು ಬಿಟ್ಟು, ಅಲ್ಲಿ ಹೇಳಿದವರ ಹೆಸರು ಮತ್ತು ಹೇಳಿದ ದಿನಾಂಕವನ್ನು ಬರೆಯಿರಿ. ಈ ಅಂಚನ್ನು ನಾನು ಮೊದಲ ಬಾರಿ ಬಿಟ್ಟಿರಲಿಲ್ಲ. ಆರು ತಿಂಗಳ ಮೇಲೆ, ಅಜ್ಜಿ ಗುಳೆ ಹೋಗಿದ್ದ ವಿಷಯವನ್ನು ದೊಡ್ಡವ್ವ ಹೇಳಿದ್ದೋ ಚಿಗಪ್ಪ ಹೇಳಿದ್ದೋ ನೆನಪಾಗದೆ, ಇಬ್ಬರನ್ನೂ ಮತ್ತೊಮ್ಮೆ ಕೇಳಬೇಕಾಯಿತು. ಅಷ್ಟರಲ್ಲಿ ದೊಡ್ಡವ್ವನ ನೆನಪು ಮಸುಕಾಗಿತ್ತು.

ಯಾರನ್ನು ಕೇಳಬೇಕು, ಏನನ್ನು ಕೇಳಬೇಕು

ಎಲ್ಲಕ್ಕಿಂತ ಹೆಚ್ಚು ಸಮಯವನ್ನು ಈ ಹಂತಕ್ಕೆ ಕೊಡಿ. ಎಲ್ಲರಿಗಿಂತ ಹಿರಿಯರು ಮತ್ತು ಆರೋಗ್ಯ ಸರಿಯಿಲ್ಲದವರು ಮೊದಲು, ಉಳಿದವರು ಆಮೇಲೆ. ನೆಂಟರ ವಲಯದಲ್ಲಿಯೇ ನಿಲ್ಲಬೇಡಿ. ಮಕ್ಕಳಿಗೆ ತಾಯಿ ಗೊತ್ತಿರುತ್ತಾಳೆ, ಆದರೆ ತಾಯಿಯಾಗುವ ಮೊದಲಿನ ಹುಡುಗಿ ಗೊತ್ತಿರುವುದಿಲ್ಲ; ಆಕೆಯನ್ನು ಬಲ್ಲವರು ತವರೂರಿನ ಓರಗೆಯವರು. ದುಡಿಯುವಾಗಿನ ಮನುಷ್ಯನನ್ನು ಬಲ್ಲವರು ಜೊತೆಯಲ್ಲಿ ದುಡಿದವರು. ದಾವಣಗೆರೆಯು ಹತ್ತಿ ಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾಗಿದ್ದ ಊರು; ಆ ಗಿರಣಿಗಳಲ್ಲಿ ಪಾಳಿ ಮಾಡಿದ ಹಿರಿಯರು ಇಂದಿಗೂ ಬೆಳಗಿನ ಹೊತ್ತು ಹೋಟೆಲಿನ ಕಟ್ಟೆಗಳ ಮೇಲೆ ಸಿಗುತ್ತಾರೆ. ಮೊಳಕಾಲ್ಮೂರಿನವರಾಗಿದ್ದರೆ ಜೊತೆಯ ಮಗ್ಗದವರು, ಚಳ್ಳಕೆರೆಯವರಾಗಿದ್ದರೆ ಶೇಂಗಾ ಎಣ್ಣೆಯ ಗಾಣ ಮಿಲ್ಲುಗಳವರು ಅಥವಾ ಕಂಬಳಿ ನೇಯುವವರು, ಹರಿಹರದವರಾಗಿದ್ದರೆ ಕಾರ್ಖಾನೆಯ ಸಂಗಾತಿಗಳು ಇರುತ್ತಾರೆ. ಅಂಥವರನ್ನು ಹುಡುಕಿಕೊಂಡು ಹೋಗಿ.

ಕೇಳುವ ಕ್ರಮದಲ್ಲಿ ಹೆಚ್ಚಿನವರು ತಪ್ಪುವುದು ಒಂದೇ ಕಡೆ. ‘ಅವರು ಹೇಗಿದ್ದರು’ ಎಂದು ಕೇಳಿದರೆ ‘ದೇವರಂಥವರು’ ಎಂಬ ಉತ್ತರವೇ ಬರುತ್ತದೆ. ಅದು ಪ್ರೀತಿಯಿಂದ ಬಂದ ಮಾತೇ ಆದರೂ ಅದರಿಂದ ಯಾವ ಒಬ್ಬ ಮನುಷ್ಯನ ಗುರುತೂ ಸಿಗುವುದಿಲ್ಲ. ಬದಲಿಗೆ ದಿನದ ಕೆಲಸವನ್ನು, ಕೈಯ ಚಲನೆಯನ್ನು, ಬಾಯಿಯ ಮಾತನ್ನು ಕೇಳಿ. ಬೆಳಿಗ್ಗೆ ಎದ್ದ ಕೂಡಲೇ ಮೊದಲು ಏನು ಮಾಡುತ್ತಿದ್ದರು? ರೊಟ್ಟಿ ಬಡಿಯುತ್ತಿದ್ದರೋ ಮುದ್ದೆ ತೊಳಸುತ್ತಿದ್ದರೋ? ಮಕ್ಕಳನ್ನು ಬೈಯುವಾಗ ಯಾವ ಮಾತು ಬಳಸುತ್ತಿದ್ದರು? ಕೈಯಲ್ಲಿ ಹಣವಿದ್ದಾಗ ಮೊದಲು ಏನನ್ನು ಕೊಳ್ಳುತ್ತಿದ್ದರು, ಇಲ್ಲದಾಗ ಯಾರ ಮನೆಗೆ ಹೋಗುತ್ತಿದ್ದರು? ಯಾರ ಜೊತೆ ಮಾತು ಬಿಟ್ಟಿದ್ದರು, ಏಕೆ? ಯಾವ ಊಟವನ್ನು ಒಲ್ಲೆ ಎನ್ನುತ್ತಿದ್ದರು? ದುಗ್ಗಮ್ಮನ ಜಾತ್ರೆಗೆ ಯಾರನ್ನು ಕರೆಯುತ್ತಿದ್ದರು? ಇಂಥ ಪ್ರಶ್ನೆಗಳಿಗೆ ‘ದೇವರಂಥವರು’ ಎಂದು ಉತ್ತರಿಸಲು ಆಗುವುದಿಲ್ಲ.

ನಮ್ಮ ಅಜ್ಜಿಯ ಜೊತೆ ಭಟ್ಟಿಯಲ್ಲಿ ಕೆಲಸ ಮಾಡಿದ್ದ ಒಬ್ಬ ಹಿರಿಯ ಹೆಂಗಸಿನ ಮನೆಗೆ ಹೋದಾಗ, ಮೊದಲ ಅರ್ಧ ಗಂಟೆ ಅವರು ಹೊಗಳಿಕೆಯನ್ನಷ್ಟೇ ಹೇಳಿದರು. ಆಮೇಲೆ ‘ಮಂಡಕ್ಕಿ ಹುರಿಯೋದನ್ನ ನನಗೆ ಮೊದಲಿಂದ ಹೇಳ್ರಿ ಅಜ್ಜಿ’ ಎಂದೆ. ಭತ್ತ ನೆನೆಸುವುದು, ಬೇಯಿಸಿ ಒಣಗಿಸುವುದು, ಅಕ್ಕಿ ಮಾಡಿಸಿ ಉಪ್ಪುನೀರು ಬೆರೆಸುವುದು, ಕಾದ ಮರಳಿನಲ್ಲಿ ಅರಳಿಸಿ ಜರಡಿ ಹಿಡಿಯುವುದು, ಹೀಗೆ ಒಂದೊಂದಾಗಿ ಹೇಳುತ್ತ ಹೋದವರು ಒಮ್ಮೆಲೇ ನಿಲ್ಲಿಸಿ, ‘ನಿಮ್ಮಜ್ಜಿ ಉಸುಕು ಕಾದಿದ್ದನ್ನ ನೋಡ್ತಿರ್ಲಿಲ್ಲ, ಅದರ ಸದ್ದು ಕೇಳ್ತಿದ್ಲು. ಬಳೆ ಮ್ಯಾಲಕ್ಕೆ ಏರಿಸ್ಕೊಂಡು, ಕಿವಿ ಕೊಟ್ಟು ಕುಂತು, ಈಗ ಸುರೀರಿ ಅಂತಿದ್ಲು. ಒಂದ್ ದಿನಾನೂ ಅಕ್ಕಿ ಸೀಯಿಸ್ಲಿಲ್ಲ’ ಎಂದರು. ನಾನು ಹುಟ್ಟಿದಾಗಿನಿಂದ ಕಂಡ ಅಜ್ಜಿಯ ಬಗ್ಗೆ ನನಗೆ ಅದು ಗೊತ್ತಿರಲಿಲ್ಲ. ಕೆಲಸವನ್ನು ಕುರಿತು ಕೇಳಿದರೆ ಮನುಷ್ಯರು ತಾವಾಗಿಯೇ ಹೊರಗೆ ಬರುತ್ತಾರೆ ಎಂಬ ಪಾಠವನ್ನು ನಾನು ಆ ದಿನ ಕಲಿತೆ.

ಧ್ವನಿಮುದ್ರಣಕ್ಕೆ ಮೊದಲು ಒಪ್ಪಿಗೆ ಕೇಳಿ, ಮುದ್ರಣವಾಗುತ್ತಿದೆ ಎಂಬುದು ಅವರಿಗೆ ಗೊತ್ತಿರಲಿ. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಮಡಚಿದ ಟವೆಲಿನ ಮೇಲೆ ಅವರ ಹತ್ತಿರ ಇಡಿ; ತಲೆಯ ಮೇಲಿನ ಫ್ಯಾನನ್ನು ನಿಲ್ಲಿಸಿ. ಆರಂಭದಲ್ಲಿಯೇ ದಿನಾಂಕ, ಊರು, ಮಾತನಾಡುತ್ತಿರುವವರ ಹೆಸರನ್ನು ನೀವೇ ಹೇಳಿಬಿಡಿ, ಏಕೆಂದರೆ ಕಡತದ ಹೆಸರು ಕಳೆದುಹೋದರೂ ಧ್ವನಿಯೊಳಗಿನ ಮಾತು ಉಳಿಯುತ್ತದೆ. ಒಂದು ಸಲಕ್ಕೆ ನಲವತ್ತು ನಿಮಿಷ ಸಾಕು. ಅವರು ಸುಮ್ಮನಾದರೆ ನೀವೂ ಸುಮ್ಮನಿರಿ; ಬಹಳಷ್ಟು ಸಲ ಮುಖ್ಯವಾದ ಮಾತು ಆ ಮೌನದ ಆಚೆಗೆ ಬರುತ್ತದೆ. ಕಣ್ಣಲ್ಲಿ ನೀರು ಬಂದರೆ ಮುದ್ರಣ ನಿಲ್ಲಿಸಿ, ಆ ದಿನ ಮತ್ತೆ ಶುರು ಮಾಡಬೇಡಿ. ಹೆಂಗಸರನ್ನು ಅವರ ಮನೆಯ ಗಂಡಸರು ಎದುರಿಗಿಲ್ಲದ ಹೊತ್ತಿನಲ್ಲಿ, ಅಡುಗೆಮನೆಯ ಬಾಗಿಲಲ್ಲೋ ಅವರೆಕಾಯಿ ಸುಲಿಯುತ್ತಲೋ ಕೇಳುವುದು ಒಳ್ಳೆಯದು. ಗಂಡ ಪಕ್ಕದಲ್ಲಿ ಕುಳಿತಿದ್ದರೆ ಎಷ್ಟೋ ಮನೆಗಳಲ್ಲಿ ಉತ್ತರ ಅವರ ಬಾಯಿಂದಲೇ ಬರುತ್ತದೆ.

ಇದಕ್ಕೆ ನಮ್ಮ ವರ್ಷದಲ್ಲಿಯೇ ಹೊತ್ತುಗಳಿವೆ. ಮಹಾಲಯ ಅಮಾವಾಸ್ಯೆಯ ಸುತ್ತ ಹಿರಿಯರಿಗೆ ಎಡೆ ಹಾಕಲು ಸೇರಿದ ದಿನ, ಪುಣ್ಯಸ್ಮರಣೆಗೆ ಗದ್ದುಗೆಯ ಬಳಿ ಸೇರಿದ ದಿನ, ಮುಸ್ಲಿಮರ ಮನೆಗಳಲ್ಲಿ ಫಾತಿಹಾಕ್ಕೆ ನೆಂಟರು ಬಂದ ದಿನ, ಕ್ರೈಸ್ತರಲ್ಲಿ ಸಮಾಧಿಗಳಿಗೆ ಹೂವಿಟ್ಟು ಬರುವ ನವೆಂಬರ್ 2, ಇಂಥ ದಿನಗಳಲ್ಲಿ ಕೇಳದೆಯೇ ಮಾತು ತೀರಿಕೊಂಡವರ ಕಡೆಗೆ ತಿರುಗುತ್ತದೆ. ಎಡೆಯಲ್ಲಿ ಅವರಿಗೆ ಇಷ್ಟವಾದದ್ದನ್ನು ಇಡುವ ರೂಢಿಯಿಂದಲೇ ಮಾತನ್ನು ಆರಂಭಿಸಬಹುದು: ಇದನ್ನು ಅವರು ಎಲ್ಲಿ ತಿಂದು ರುಚಿ ಕಂಡರು, ಯಾರು ಮಾಡಿಕೊಡುತ್ತಿದ್ದರು ಎಂದು ಕೇಳಿ.

ಕಾಲವನ್ನು ಗುರುತಿಸುವುದು

ನಮ್ಮ ಹಿರಿಯರ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ದಿನ ಜನವರಿ 1 ಎಂದೂ, ಶಾಲೆಗೆ ಹೋದವರದು ಜೂನ್ ತಿಂಗಳ ಯಾವುದೋ ದಿನ ಎಂದೂ ಇರುವುದು ಬಹಳ ಸಾಮಾನ್ಯ. ಮೊದಲನೆಯದನ್ನು ವರ್ಷವಷ್ಟೇ ಅಂದಾಜು ಮಾಡಿ ಹಾಕಿರುತ್ತಾರೆ, ಎರಡನೆಯದನ್ನು ಶಾಲೆಗೆ ಸೇರಿಸಲು ವಯಸ್ಸು ಹೊಂದುವಂತೆ ಮೇಷ್ಟರು ಬರೆದುಕೊಂಡಿರುತ್ತಾರೆ. ಆದ್ದರಿಂದ ಕಾರ್ಡಿನಲ್ಲಿರುವುದನ್ನು ನಕಲು ಮಾಡಿ ಸಮಾಧಾನಪಡಬೇಡಿ.

ಹಳೆಯ ಜಾತಕ, ಕರೆಯೋಲೆ, ಕಾಗದಗಳಲ್ಲಿ ಸಂವತ್ಸರದ ಹೆಸರು ಇದ್ದರೆ ವರ್ಷವನ್ನು ಖಚಿತವಾಗಿ ಕಂಡುಕೊಳ್ಳಬಹುದು. ಅರವತ್ತು ಸಂವತ್ಸರಗಳ ಪಟ್ಟಿ ಪ್ರತಿ ಪಂಚಾಂಗದಲ್ಲಿಯೂ ಇರುತ್ತದೆ. ಪ್ರಭವ ಮೊದಲನೆಯದು, ಅದು ಇತ್ತೀಚೆಗೆ ಬಂದದ್ದು 1987ರ ಯುಗಾದಿಗೆ. ಪಟ್ಟಿಯಲ್ಲಿ ಬೇಕಾದ ಸಂವತ್ಸರ ಎಷ್ಟನೆಯದೋ ಆ ಸಂಖ್ಯೆಯನ್ನು 1986ಕ್ಕೆ ಕೂಡಿಸಿ, ಹಿರಿಯರ ಕಾಲಕ್ಕಾದರೆ 60 ಕಳೆಯಿರಿ. ನಂದನ ಇಪ್ಪತ್ತಾರನೆಯದು, ಆದ್ದರಿಂದ ಅದು 2012, ಅದಕ್ಕೂ ಹಿಂದಿನದು 1952. ಇಲ್ಲಿ ಒಂದು ಎಚ್ಚರ ಬೇಕು. ಸಂವತ್ಸರ ಯುಗಾದಿಯಿಂದ ಯುಗಾದಿಗೆ ನಡೆಯುವುದರಿಂದ, ‘ನಂದನ ಸಂವತ್ಸರದ ಮಾಘ ಮಾಸ’ ಎಂದು ಇದ್ದರೆ ಅದು 1952 ಅಲ್ಲ, 1953ರ ಆರಂಭದ ತಿಂಗಳುಗಳು.

ಬರಹವೇ ಇಲ್ಲದ ಕಡೆ ಮಳೆಯ ಹೆಸರು ನೆರವಿಗೆ ಬರುತ್ತದೆ. ‘ಉತ್ತರೆ ಮಳೆಯಲ್ಲಿ ಹುಟ್ಟಿದವಳು’ ಎಂದು ಯಾರಾದರೂ ಹೇಳಿದರೆ ಅದು ಸೆಪ್ಟೆಂಬರ್ 13ರ ಸುಮಾರಿನಿಂದ ಎರಡು ವಾರಗಳು. ಆರಿದ್ರಾ ಎಂದರೆ ಜೂನ್ 22ರ ಸುಮಾರಿನಿಂದ ಹದಿನೈದು ದಿನದೊಳಗೆ. ಸ್ವಾತಿ ಎಂದರೆ ಅಕ್ಟೋಬರ್ ಕೊನೆ. ವರ್ಷಕ್ಕೆ ಎಲ್ಲರೂ ಬಲ್ಲ ಘಟನೆಗಳನ್ನು ಹಿಡಿದು ಕೇಳಬೇಕು. ಹಿರಿಯೂರು ಕಡೆಯವರಿಗೆ ಮಾರಿಕಣಿವೆ ಅಣೆಕಟ್ಟು ದೊಡ್ಡ ಗುರುತು: 1907ರಲ್ಲಿ ಕಟ್ಟಿ ಮುಗಿದ ಆ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಪ್ಪ ಕೋಡಿ ನೋಡಿದ್ದರು, ನಾನು ನೋಡಲಿಲ್ಲ ಎನ್ನುತ್ತಿದ್ದ ತಲೆಮಾರೊಂದು ಅಲ್ಲಿ ಇತ್ತು. ದಾವಣಗೆರೆ ಸುತ್ತಿನ ರೈತರಿಗೆ, ಜೋಳದ ಹೊಲಗಳು ಗದ್ದೆಯಾದ, ಭದ್ರಾ ನಾಲೆಯ ನೀರು ಬಂದ ವರ್ಷ ಮರೆಯದ ಗುರುತು; ಅದು ಹಳ್ಳಿಯಿಂದ ಹಳ್ಳಿಗೆ ಬೇರೆಯಾಗುವುದರಿಂದ ನಿಮ್ಮ ಊರಿನದನ್ನೇ ಕೇಳಿಕೊಳ್ಳಿ. ಎಲ್ಲೆಡೆಯವರಿಗೂ ಹೊಂದುವ ಗುರುತುಗಳೆಂದರೆ ನಯಾಪೈಸೆ ಚಲಾವಣೆಗೆ ಬಂದ 1957, ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಬೀಳುತ್ತದೆಂದು ಹಳ್ಳಿಹಳ್ಳಿಗಳಲ್ಲಿ ಜನ ಹೆದರಿದ್ದ 1979ರ ಜುಲೈ, ಹಾಡಹಗಲೇ ಕತ್ತಲಾದ ಸೂರ್ಯಗ್ರಹಣದ 1980ರ ಫೆಬ್ರವರಿ 16, ಇಂದಿರಾ ಗಾಂಧಿಯವರ ಹತ್ಯೆಯಾದ 1984ರ ಅಕ್ಟೋಬರ್ 31. ‘ಗ್ರಹಣದ ದಿನ ನಿಮ್ಮ ಕಂಕುಳಲ್ಲಿ ಯಾವ ಕೂಸಿತ್ತು’ ಎಂದು ಕೇಳಿದ ಒಂದು ಪ್ರಶ್ನೆಯಿಂದ ನಮ್ಮ ಮನೆಯ ಮೂರು ಮಕ್ಕಳ ವಯಸ್ಸು ಸರಿಹೋಯಿತು.

ಕಚೇರಿಯ ಕಾಗದಗಳು

ಬಾಯಿಮಾತಿನ ನಂತರ ಕಾಗದಗಳಿಗೆ ಹೋಗಿ. ಮೊದಲೇ ಹೋದರೆ ಏನನ್ನು ಹುಡುಕಬೇಕು ಎಂಬುದೇ ತಿಳಿದಿರುವುದಿಲ್ಲ. ಓದಿದ ಶಾಲೆಯ ದಾಖಲಾತಿ ಪುಸ್ತಕ, ತಾಲ್ಲೂಕು ಕಚೇರಿಯ ಹಳೆಯ ಪಹಣಿ ಮತ್ತು ಮ್ಯುಟೇಶನ್ ಪ್ರತಿಗಳು, ಮತದಾರರ ಪಟ್ಟಿ, ನೋಂದಾಯಿತ ಕ್ರಯಪತ್ರಗಳು ಇವುಗಳಲ್ಲಿ ಮುಖ್ಯವಾದವು. ಜನನ ಮರಣಗಳ ನೋಂದಣಿಯ ಈಗಿನ ಕಾಯ್ದೆ 1969ರದು. ಆದ್ದರಿಂದ ಅದಕ್ಕಿಂತ ಮೊದಲು ಹುಟ್ಟಿದವರ ಜನನ ದಾಖಲೆ ಸಿಗದಿದ್ದರೆ ಎದೆಗುಂದಬೇಕಾಗಿಲ್ಲ.

ನಮ್ಮ ಭಾಗದವರು ಜಿಲ್ಲೆಯ ಗಡಿಗಳನ್ನು ನೆನಪಿಟ್ಟುಕೊಂಡು ಹುಡುಕಬೇಕು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ರಂದು. ಅದಕ್ಕೆ ಮೊದಲು ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿದ್ದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಲ್ಲಿದ್ದವು. ಹರಪನಹಳ್ಳಿಯ ಕತೆ ಇನ್ನೂ ಸುತ್ತಿನದು: 1953ರವರೆಗೆ ಅದು ಬಳ್ಳಾರಿ ಜಿಲ್ಲೆಯೊಂದಿಗೆ ಮದರಾಸಿನ ಆಡಳಿತದಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಸೇರಿತು, 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ಒಂದೇ ಮನೆಯಲ್ಲಿ ಒಂದೇ ಊರಲ್ಲಿ ಬದುಕಿದ ಅಜ್ಜಿಯೊಬ್ಬರ ಕಾಗದಗಳಲ್ಲಿ ಮೂರು ಜಿಲ್ಲೆಗಳ ಹೆಸರು ಇರಲು ಸಾಧ್ಯ. ಇಂಗ್ಲಿಷರ ಕಾಲದ ಕಾಗದಗಳಲ್ಲಿ ಚಿತ್ರದುರ್ಗವು ‘ಚಿತಲ್‌ದ್ರುಗ್’ ಎಂದು ಇರುತ್ತದೆ ಎಂಬುದನ್ನೂ ಗಮನಿಸಿ.

ಕಾಗದಗಳಲ್ಲಿ ಗಂಡಸರ ಹೆಸರಿನ ಮುಂದೆ ‘ಬಿನ್’ ಎಂದು ತಂದೆಯ ಹೆಸರೂ, ಮದುವೆಯಾದ ಹೆಂಗಸರ ಹೆಸರಿನ ಮುಂದೆ ‘ಕೋಂ’ ಎಂದು ಗಂಡನ ಹೆಸರೂ ಬರುತ್ತದೆ. ತಾಯಿಯ ಹೆಸರಿಗೆ ಅಲ್ಲಿ ಜಾಗವೇ ಇಲ್ಲ. ಇದಲ್ಲದೆ ಮದುವೆಯ ಹೊತ್ತಿನಲ್ಲಿ ಸೊಸೆಯ ಹೆಸರನ್ನೇ ಬದಲಿಸುವ ರೂಢಿ ಅನೇಕ ಮನೆಗಳಲ್ಲಿತ್ತು. ಆದ್ದರಿಂದ ಹೆಂಗಸರ ವಿಷಯದಲ್ಲಿ ತವರಿನ ಹೆಸರು, ಗಂಡನ ಮನೆಯ ಹೆಸರು, ಕರೆಯುತ್ತಿದ್ದ ಹೆಸರು, ಮೂರನ್ನೂ ನೋಟ್‌ಬುಕ್ಕಿನ ಮೊದಲ ಪುಟದಲ್ಲಿಯೇ ಬರೆಯಿರಿ. ನಮ್ಮ ಅಜ್ಜಿಯ ತಾಯಿಯ ಹೆಸರು ಯಾವ ಕಚೇರಿಯಲ್ಲಿಯೂ ಸಿಗಲಿಲ್ಲ. ಜಗಳೂರು ತಾಲ್ಲೂಕಿನ ಅವರ ತವರೂರಿನಲ್ಲಿ, ತೊಂಬತ್ತರ ಆಸುಪಾಸಿನ ಒಬ್ಬ ಹಿರಿಯರು ಬಾವಿಯೊಂದನ್ನು ತೋರಿಸಿ, ಅದರ ಕಟ್ಟೆಯ ಮೇಲೆ ಯಾರು ಯಾರು ಬಟ್ಟೆ ಒಗೆಯುತ್ತಿದ್ದರೆಂದು ಸಾಲಾಗಿ ಹೇಳುತ್ತ ಹೋದಾಗ, ಆ ಸಾಲಿನ ನಡುವೆ ಅದು ಬಂತು. ಅವರನ್ನು ಆ ಜಾಗಕ್ಕೆ ಕರೆದುಕೊಂಡು ಹೋಗದಿದ್ದರೆ ಅದು ಬರುತ್ತಿರಲಿಲ್ಲ. ಹೀಗಾಗಿ ನಡೆಯಬಲ್ಲ ಹಿರಿಯರಿದ್ದರೆ ಹಳೆಯ ಮನೆ, ಹೊಲ, ಬಾವಿ, ಮುಚ್ಚಿದ ಗಿರಣಿಯ ಗೇಟು, ಇಂಥ ಕಡೆಗಳಿಗೆ ಅವರ ಜೊತೆ ಒಮ್ಮೆ ಹೋಗಿಬನ್ನಿ.

ಚಿಕ್ಕಂದಿನಲ್ಲಿಯೇ ತೀರಿಕೊಂಡ ಮಕ್ಕಳನ್ನೂ ಕೇಳಿ ಬರೆದುಕೊಳ್ಳಿ. ‘ಹೆತ್ತದ್ದು ಎಂಟು, ಉಳಿದದ್ದು ಐದು’ ಎಂದು ಒಂದೇ ಉಸಿರಿನಲ್ಲಿ ಹೇಳಿ ಮುಂದೆ ಹೋಗುವ ತಾಯಂದಿರಿಗೆ ಆ ಮೂರರ ಹೆಸರೂ, ಹೋದ ದಿನದ ಹವೆಯೂ ನೆನಪಿರುತ್ತದೆ. ವಂಶವೃಕ್ಷದಲ್ಲಿ ಅವರಿಗೆ ಚೌಕವಿಲ್ಲದಿದ್ದರೂ ನಿಮ್ಮ ಬರಹದಲ್ಲಿ ಅವರಿಗೆ ಜಾಗ ಇರಬೇಕು.

ಫೋಟೊಗಳು

ಗೋಡೆಯ ಮೇಲಿನ ಫೋಟೊಗಳನ್ನು ಬಿಸಿಲು ನೇರವಾಗಿ ಬೀಳದ ಗೋಡೆಗೆ ಮೊದಲು ವರ್ಗಾಯಿಸಿ. ಗಾಜಿಗೆ ಅಂಟಿಕೊಂಡ ಹಳೆಯ ಫೋಟೊವನ್ನು ಬಿಡಿಸಲು ಹೋಗಬೇಡಿ; ಬಿಡಿಸುವಾಗ ಮುಖವೇ ಕಿತ್ತುಬರುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ. ಸ್ಕ್ಯಾನಿಗೆ ಕೊಡುವಾಗ ಸಣ್ಣ ಫೋಟೊಗಳಿಗೆ 600 ಡಿಪಿಐ ಎಂದು ಹೇಳಿ. ಸ್ಟುಡಿಯೊಗೆ ಹೋಗಲು ಆಗದಿದ್ದರೆ, ಕಿಟಕಿಯ ಪಕ್ಕದ ನೆರಳಿನ ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಫೋನನ್ನು ಫೋಟೊಗೆ ಸಮಾನಾಂತರವಾಗಿ ಹಿಡಿದು ತೆಗೆಯಿರಿ. ಅಂಟುಹಾಳೆಯ ಹಳೆಯ ಆಲ್ಬಮ್‌ಗಳಲ್ಲಿನ ಫೋಟೊಗಳು ಕಾಲ ಕಳೆದಂತೆ ಹಾಳಾಗುತ್ತವೆ. ಸುಲಭವಾಗಿ ಬರುವವನ್ನು ಮಾತ್ರ ಬಿಡಿಸಿ ಕಾಗದದ ಲಕೋಟೆಗಳಿಗೆ ಹಾಕಿ. ಹಿಂಬದಿಯಲ್ಲಿ ಹೆಸರು ಬರೆಯಲು ಮೆತ್ತನೆಯ ಪೆನ್ಸಿಲ್ ಬಳಸಿ. ಬಾಲ್ ಪೆನ್ನಿನ ಒತ್ತು ಮುಂಭಾಗಕ್ಕೆ ಮೂಡುತ್ತದೆ. ನೆಂಟರಿಗೆ ವಾಟ್ಸಾಪಿನಲ್ಲಿ ಕಳಿಸುವಾಗ ಡಾಕ್ಯುಮೆಂಟ್ ಆಗಿ ಕಳಿಸಿದರೆ ಫೋಟೊದ ಗುಣಮಟ್ಟ ಕುಗ್ಗುವುದಿಲ್ಲ. ಮದುವೆಯ ಗುಂಪು ಫೋಟೊಗಳಲ್ಲಿ ಅಂಚಿನಲ್ಲಿ ನಿಂತವರ ಹೆಸರನ್ನು ಮೊದಲು ಕೇಳಿಕೊಳ್ಳಿ, ಏಕೆಂದರೆ ನಡುವಿನವರನ್ನು ಎಲ್ಲರೂ ಗುರುತಿಸುತ್ತಾರೆ.

ಬರೆಯುವುದು

ಹತ್ತರಿಂದ ಹದಿನೈದು ಪುಟ ಸಾಕು. ಹುಟ್ಟಿನಿಂದ ಸಾವಿನವರೆಗೆ ಕ್ರಮವಾಗಿ ಬರೆಯಲೇಬೇಕೆಂಬ ನಿಯಮವಿಲ್ಲ. ಅವರ ಒಂದು ಸಾಮಾನ್ಯ ದಿನವನ್ನು ಬೆಳಿಗ್ಗೆಯಿಂದ ರಾತ್ರಿಯವರೆಗೆ ಬರೆಯುವುದರಿಂದ ಆರಂಭಿಸಿದರೆ ಉಳಿದದ್ದು ತಾನಾಗಿಯೇ ಜೋಡಿಸಿಕೊಳ್ಳುತ್ತದೆ. ಪತ್ರಿಕೆಗಳ ಪುಣ್ಯಸ್ಮರಣೆಯ ಜಾಹೀರಾತುಗಳಲ್ಲಿ ಬರುವ ‘ಸದಾ ಹಸನ್ಮುಖಿ’, ‘ಕಾಯಕಯೋಗಿ’ ಎಂಬಂಥ ಮಾತುಗಳು ನಿಮ್ಮ ಬರಹದಲ್ಲಿ ಬಂದರೆ, ಅದನ್ನು ನೀವು ಯಾವ ದಿನ ಕಂಡಿರಿ ಎಂದು ನಿಮ್ಮನ್ನೇ ಕೇಳಿಕೊಂಡು, ಆ ಮಾತನ್ನು ಹೊಡೆದು ಆ ದಿನವನ್ನು ಬರೆಯಿರಿ. ಅವರಾಡಿದ ಮಾತನ್ನು ಅವರ ಆಡುನುಡಿಯಲ್ಲಿಯೇ ಬಿಡಿ. ‘ಹೋಗ್ಯಾನೆ’ ಎಂದವರ ಬಾಯಲ್ಲಿ ‘ಹೋಗಿದ್ದಾನೆ’ ಎಂದು ತಿದ್ದಿದರೆ ಅವರ ಧ್ವನಿ ಅಲ್ಲಿಗೇ ನಿಲ್ಲುತ್ತದೆ. ಚಳ್ಳಕೆರೆಯ ಸೀಮೆಯಲ್ಲಿ ಓದುಬರಹ ಕಲಿಯದೆಯೇ ಸಾವಿರಾರು ಪದಗಳನ್ನು ಹಾಡಿ ನಾಡೋಜ ಗೌರವ ಪಡೆದ ಸಿರಿಯಜ್ಜಿಯವರನ್ನು ನಾವು ನೆನೆಯುವುದು ಅವರ ನುಡಿಯಲ್ಲಿಯೇ ಹೊರತು ತಿದ್ದಿದ ನುಡಿಯಲ್ಲಿ ಅಲ್ಲ.

ಕುಂದುಗಳನ್ನು ಬರೆಯಬೇಕೇ ಎಂಬ ಪ್ರಶ್ನೆಯನ್ನು ನನ್ನನ್ನು ಎಲ್ಲರೂ ಕೇಳಿದ್ದಾರೆ. ಬರೆಯಬೇಕು ಎಂಬುದು ನನ್ನ ಉತ್ತರ, ಆದರೆ ತೂಕ ಮಾಡಿ. ನಮ್ಮ ಅಜ್ಜಿಗೆ ಮುಂಗೋಪವಿತ್ತು, ಒಬ್ಬ ಮಗಳ ಜೊತೆ ಆರು ವರ್ಷ ಮಾತನಾಡಿರಲಿಲ್ಲ. ಅದನ್ನು ಬರೆದೆ, ಆ ಮಗಳಿಗೆ ಓದಿ ತೋರಿಸಿ ಒಪ್ಪಿಗೆ ಪಡೆದ ಮೇಲೆ. ಆಕೆ ಒಂದು ಸಾಲನ್ನು ತೆಗೆಯಲು ಹೇಳಿದರು, ತೆಗೆದೆ. ಇನ್ನೊಂದನ್ನು ತಾವೇ ಸೇರಿಸಿದರು. ಬದುಕಿರುವವರಿಗೆ ನೋವು ತರುವ, ಅವರ ಮದುವೆ, ಸಾಲ, ಕಾಯಿಲೆಗಳಿಗೆ ಸಂಬಂಧಿಸಿದ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬರೆಯಬೇಡಿ. ಆಸ್ತಿಯ ಜಗಳ ನಡೆಯುತ್ತಿರುವಾಗ ಆ ಭಾಗವನ್ನು ಮುಟ್ಟದಿರುವುದೇ ಲೇಸು. ಅಂಥ ಸಮಯದಲ್ಲಿ ಪ್ರತಿ ವಾಕ್ಯವನ್ನೂ ಸಾಕ್ಷಿಯೆಂದು ಓದುತ್ತಾರೆ. ಅಕಾಲದಲ್ಲಿ, ಅಪಘಾತದಲ್ಲಿ ಅಥವಾ ತಾವಾಗಿಯೇ ಜೀವ ಕಳೆದುಕೊಂಡವರ ಬಗ್ಗೆ ಬರೆಯುವಾಗ, ಕೊನೆಯ ದಿನಕ್ಕೆ ಒಂದು ಪ್ಯಾರಾ ಸಾಕು. ಉಳಿದ ಪುಟಗಳೆಲ್ಲ ಅವರು ಬದುಕಿದ ವರ್ಷಗಳದ್ದಾಗಿರಲಿ. ಒಬ್ಬರು ಒಂದು ಹೇಳಿ ಇನ್ನೊಬ್ಬರು ಬೇರೆ ಹೇಳಿದರೆ, ಎರಡನ್ನೂ ಹೇಳಿದವರ ಹೆಸರಿನೊಂದಿಗೆ ಬರೆದುಬಿಡಿ. ತೀರ್ಪು ಕೊಡುವುದು ನಮ್ಮ ಕೆಲಸವಲ್ಲ.

ಪ್ರತಿಗಳು ಮತ್ತು ಓದುವ ದಿನ

ಬರೆದದ್ದನ್ನು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡಿಸಿ, ಕನಿಷ್ಠ ಮೂರು ಪ್ರತಿ ತೆಗೆಸಿ, ಮೂರು ಬೇರೆ ಬೇರೆ ಮನೆಗಳಲ್ಲಿ ಇಡಿ. ಅವುಗಳಲ್ಲಿ ಒಂದು ಹೆಣ್ಣುಮಗಳ ಮನೆಯಾಗಿರಲಿ. ಧ್ವನಿಮುದ್ರಣ ಮತ್ತು ಫೋಟೊಗಳನ್ನು ಒಂದು ಪೆನ್‌ಡ್ರೈವಿನಲ್ಲಿಯೂ ಒಂದು ಆನ್‌ಲೈನ್ ಖಾತೆಯಲ್ಲಿಯೂ ಹಾಕಿ, ಪೆನ್‌ಡ್ರೈವನ್ನು ವರ್ಷಕ್ಕೊಮ್ಮೆ ತೆರೆದು ನೋಡಿ. ಮೂಲ ನೋಟ್‌ಬುಕ್ಕನ್ನು ಎಸೆಯಬೇಡಿ.

ವರ್ಷದ ದಿನ ಎಡೆ ಇಟ್ಟ ಮೇಲೆ, ಊಟಕ್ಕೆ ಕೂರುವ ಮೊದಲು, ಮನೆಯ ಮಕ್ಕಳಲ್ಲಿ ಒಬ್ಬರಿಂದ ಎರಡು ಪುಟವನ್ನು ಗಟ್ಟಿಯಾಗಿ ಓದಿಸಿ. ಎರಡೇ ಪುಟ, ಇಡೀ ಬರಹವಲ್ಲ. ಓದುವಾಗ ಯಾರಾದರೂ ‘ಅದು ಹಾಗಲ್ಲ’ ಎಂದು ನಡುವೆ ಮಾತೆತ್ತಿದರೆ ತಡೆಯಬೇಡಿ, ಪೆನ್ನು ಹತ್ತಿರವಿರಲಿ. ಕಳೆದ ವರ್ಷ ನಮ್ಮಲ್ಲಿ ಉಸುಕಿನ ಸದ್ದಿನ ಭಾಗವನ್ನು ನನ್ನ ತಂಗಿಯ ಮಗಳು ಓದಿದಾಗ, ಬಾಗಿಲ ಬಳಿ ಕುಳಿತಿದ್ದ ಚಿಗಪ್ಪ, ಅಜ್ಜಿಗೆ ಬಲಗಿವಿ ಸರಿಯಾಗಿ ಕೇಳುತ್ತಿರಲಿಲ್ಲವೆಂದೂ, ಭಟ್ಟಿಯಲ್ಲಿ ಯಾವಾಗಲೂ ಎಡಗಿವಿಯನ್ನು ಬಾಣಲೆಯ ಕಡೆಗೆ ತಿರುಗಿಸಿ ಕೂರುತ್ತಿದ್ದಳೆಂದೂ ಹೇಳಿದರು. ಅದನ್ನು ಅಂಚಿನಲ್ಲಿ ಅವರ ಹೆಸರು, ದಿನಾಂಕ ಹಾಕಿ ಬರೆದುಕೊಂಡೆ. ಇಂಥದ್ದಕ್ಕೆಂದೇ ನೋಟ್‌ಬುಕ್ಕಿನ ಕೊನೆಯಲ್ಲಿ ಇಪ್ಪತ್ತು ಪುಟಗಳನ್ನು ಖಾಲಿ ಬಿಡಿ.